ಓಣಿಗೂ ಒಂದು ಮುಖ ಬೇಕು

ಮನೆ ಕಟ್ಟಿಸುವ ಗೃಹಸ್ಥನು ಎಷ್ಟು ಮಂದಿಯನ್ನು ವಿಚಾರಿಸುತ್ತಾನೆಂಬುದು ಎಲ್ಲರಿಗೂ ತಿಳಿದ ವಿಷಯವೇ. ಬಾಗಿಲು ಯಾವ ದಿಕ್ಕಿಗಿರಬೇಕು, ಒಲೆ ಯಾವ ಮೂಲೆಯಲ್ಲಿರಬೇಕು, ದೇವರ ಮನೆಗೆ ಎಷ್ಟು ಜಾಗ ಬಿಡಬೇಕು ಎಂದು ಜೋಯಿಸರನ್ನೂ ಇಂಜಿನಿಯರನ್ನೂ ಹಿರಿಯರನ್ನೂ ಕೇಳಿ, ಆಯವನ್ನು ಅಂಗುಲದ ಲೆಕ್ಕದಲ್ಲಿ ನೋಡಿ, ಕಡೆಗೆ ಗುದ್ದಲಿಪೂಜೆಗೆ ಕೈ ಹಾಕುತ್ತಾನೆ. ಆದರೆ ಆ ಬಾಗಿಲನ್ನು ತೆರೆದರೆ ಎದುರಿಗೆ ಕಾಣುವ ಓಣಿ ಹೇಗಿರಬೇಕೆಂದು ಕೇಳುವವರು ಅಪೂರ್ವ. ಅದು ನಗರಸಭೆಗೆ ಸೇರಿದ್ದು, ನಮಗೆ ಸೇರಿದ್ದಲ್ಲ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಮಗುವು ಹೊಸ್ತಿಲು ದಾಟಿ ಮೊದಲ ಹೆಜ್ಜೆಯಿಡುವುದು ಓಣಿಯಲ್ಲಿ. ದೂರ ನಡೆಯಲಾರದ ಮುದುಕಿಗೆ ಉಳಿಯುವ ಲೋಕವೂ ಆ ಓಣಿಯೆ. ಬೇನೆಬಿದ್ದವರನ್ನು ಹೊತ್ತು ಸಾಗಿಸುವ ದಾರಿಯೂ ಅದೇ. ಗೃಹಸೌಖ್ಯದಲ್ಲಿ ಅರ್ಧ ಪಾಲು ಗೋಡೆಯ ಒಳಗಿದ್ದರೆ, ಉಳಿದರ್ಧವು ಗೋಡೆಯ ಹೊರಗಿರುವುದು. ಆದುದರಿಂದ ಈ ತಿಂಗಳು ಜನನಿಬಿಡವಾದ ಪಟ್ಟಣಗಳ ಓಣಿಗಳ ವಿಚಾರವಾಗಿ ವಾಚಕ ಮಹಾಶಯರೊಡನೆ ನಾಲ್ಕು ಮಾತನಾಡಬೇಕೆಂದಿರುವೆನು.

ಕನ್ನಡದಲ್ಲಿ ದಾರಿಗಳಿಗೆ ಹೆಸರಿನ ಬಡತನವಿಲ್ಲ. ಹೆದ್ದಾರಿ, ಬೀದಿ, ಕೇರಿ, ಓಣಿ, ಗಲ್ಲಿ, ಸಂದಿ ಎಂದು ಒಂದೊಂದಕ್ಕೂ ಒಂದೊಂದು ಅಂತಸ್ತು. ಧಾರವಾಡ ಹುಬ್ಬಳ್ಳಿಗಳ ಕಡೆ ಓಣಿಯೆಂದರೆ ಬರಿಯ ದಾರಿಯಲ್ಲ. ಅದರ ಎರಡು ಮಗ್ಗುಲಲ್ಲಿ ಬಾಳುವ ನೆರೆಹೊರೆಯೆಲ್ಲವೂ ಆ ಒಂದು ಮಾತಿನಲ್ಲಿ ಅಡಗಿರುವುದು. ‘ನಮ್ಮ ಓಣಿಯವರು’ ಎಂದರೆ ಅರ್ಧ ಬಂಧುಗಳೆಂದೇ ಅರ್ಥ. ಇನ್ನು ‘ಸಂದಿ’ಯೆಂಬುದು ಸಂಸ್ಕೃತದ ಸಂಧಿ ಶಬ್ದದ ತದ್ಭವ. ಜನರು ಅದನ್ನು ಎರಡು ಕಟ್ಟಡಗಳ ನಡುವೆ ಮಿಕ್ಕುಳಿದ ಜಾಗವೆಂದು ತಿಳಿಯುವರು. ಶಬ್ದದ ನಿಜವಾದ ಅರ್ಥ ಮಿಕ್ಕದ್ದು ಎಂದಲ್ಲ, ಕೂಡುವಿಕೆ ಎಂದು. ಮೈಯಲ್ಲಿ ಸಂಧಿ ನೊಂದರೆ ಕೈಕಾಲುಗಳಿದ್ದೂ ಮನುಷ್ಯನು ಕದಲಲಾರನು. ಊರಿನ ಸಂದಿಗಳು ಕೆಟ್ಟರೆ ಮಹಾಮಾರ್ಗಗಳಿದ್ದೂ ಊರಿಗೆ ಅದೇ ಗತಿ.

ಓಣಿಯ ಮಾತೆತ್ತಿದೊಡನೆ ಬರುವ ಮೊದಲ ದೂರು ಅದು ಇಕ್ಕಟ್ಟೆಂಬುದು. ಇಕ್ಕಟ್ಟು ತಾನಾಗಿಯೇ ದೋಷವಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ತಾಳೆಯೋಲೆಯ ಪ್ರತಿಯಿಂದ ಬೆಳಕಿಗೆ ತಂದು, ೧೯೦೯ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದಾರಿಗಳ ಅಗಲವನ್ನು ಗೊತ್ತುಮಾಡಿರುವ ಪ್ರಕರಣವುಂಟು. ರಾಜಮಾರ್ಗಕ್ಕೆ ೪ ದಂಡ, ಎಂದರೆ ಸುಮಾರು ೨೪ ಅಡಿ. ರಥ ಹೋಗುವ ಹಾದಿಗೆ ೫ ಅರತ್ನಿ. ದನಗಳ ಹಾದಿಗೆ ೪. ಸಣ್ಣ ಪ್ರಾಣಿಗಳೂ ಮನುಷ್ಯರೂ ನಡೆಯುವ ಹಾದಿಗೆ ಎರಡೇ ಅರತ್ನಿ. ಅರತ್ನಿಯೆಂದರೆ ನಮ್ಮ ಮೊಳ, ಸುಮಾರು ಒಂದೂವರೆ ಅಡಿ. ಅಂದ ಮೇಲೆ ಕಾಲ್ನಡೆಯವನಿಗೆ ೩ ಅಡಿ ಸಾಕೆಂದು ಆ ಗ್ರಂಥಕಾರನ ಮತ. ಅದು ಜಿಪುಣತನವಲ್ಲ, ಯಾವ ದಾರಿಯಲ್ಲಿ ಯಾರು ನಡೆಯುವರೋ ಅವರ ಅಳತೆಯೇ ದಾರಿಯ ಅಳತೆ ಎಂಬ ವಿವೇಕ. ಎಲ್ಲ ದಾರಿಯೂ ರಥಕ್ಕೆ ಬೇಕು ಎಂಬುದು ನಮ್ಮ ಕಾಲದ ಹಟ.

ಹಾಗಾದರೆ ಓಣಿಯ ಒಳ್ಳೆಯದು ಕೆಟ್ಟದ್ದನ್ನು ಗೊತ್ತುಮಾಡುವುದು ಯಾವುದು? ಅದರ ಕಡೆಗೆ ಮನೆಗಳು ಮುಖ ತಿರುಗಿಸಿವೆಯೊ ಬೆನ್ನು ತಿರುಗಿಸಿವೆಯೊ ಎಂಬುದೇ. ಸಿಂಧೂತೀರದ ಮೊಹೆಂಜೊದಾರೊವಿನಲ್ಲಿ ನೆಲವನ್ನು ಅಗೆದು ನೋಡಿದ ವಿದ್ವಾಂಸರು ಒಂದು ಸಂಗತಿಯನ್ನು ಗುರುತಿಸಿರುವರು: ಸುಮಾರು ೩೦ ಅಡಿ ಅಗಲದ ಮಹಾವೀಥಿಗಳಿದ್ದರೂ ಅಲ್ಲಿಯ ಮನೆಗಳ ಬಾಗಿಲುಗಳು ಬಹುಮಟ್ಟಿಗೆ ಪಕ್ಕದ ಓಣಿಗಳಿಗೇ ತೆರೆದಿದ್ದುವು. ಇಟ್ಟಿಗೆಯ ಚರಂಡಿಗಳೂ ಮುಚ್ಚಳ ಹೊದ್ದು ಆ ಓಣಿಗಳಲ್ಲಿಯೇ ಹರಿದಿದ್ದುವು. ಮಹಾವೀಥಿ ಊರಿಗೆ, ಓಣಿ ಮನೆಗೆ ಎಂಬ ವಿಭಾಗ ನಾಲ್ಕು ಸಾವಿರ ವರ್ಷಗಳ ಹಿಂದೆಯೇ ನಮ್ಮ ಉಪಖಂಡದಲ್ಲಿತ್ತು. ಬಾಗಿಲಿರುವ ಓಣಿಗೆ ಕಾವಲಿರುವುದು, ಗುಡಿಸುವ ಕೈಯಿರುವುದು. ಬಾಗಿಲಿಲ್ಲದ ಓಣಿಗೆ ಎರಡೂ ಇಲ್ಲ. ಈ ಮಾತಿಗೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ನಮ್ಮ ಬೆಂಗಳೂರಿನಲ್ಲಿಯೇ ಎರಡು ಬಗೆಯ ಓಣಿಗಳೂ ಇರುವುವು.

ಮೊದಲನೆಯದು ಪೇಟೆಯ ಓಣಿ. ೧೫೩೭ರಲ್ಲಿ ಕೆಂಪೇಗೌಡರು ಕಟ್ಟಿಸಿದರೆಂದು ಪ್ರಸಿದ್ಧವಾದ ಪೇಟೆಯಲ್ಲಿ, ಈಗ ಅವೆನ್ಯೂ ರಸ್ತೆಯೆನಿಸಿರುವ ದೊಡ್ಡಪೇಟೆಯು ಉತ್ತರದಕ್ಷಿಣವಾಗಿಯೂ ಚಿಕ್ಕಪೇಟೆಯು ಪೂರ್ವಪಶ್ಚಿಮವಾಗಿಯೂ ಸಾಗಿ ನಡುವೆ ಸಂಧಿಸುವುವು. ಅವುಗಳ ಸುತ್ತ ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ತಿಗಳರಪೇಟೆ ಎಂದು ಕಸುಬಿಗೊಂದು ಪೇಟೆ. ಪೇಟೆಪೇಟೆಗೂ ಹೆಣೆದ ಓಣಿಗಳು. ಅವು ಬಂಡಿಗಾಗಿ ಹುಟ್ಟಿದುವಲ್ಲ, ಕಾಲಿಗಾಗಿ ಹುಟ್ಟಿದುವು. ಅಲ್ಲಿಯ ಹಳೆಯ ಮನೆಗಳ ಮುಂದೆ ಜಗಲಿಯಿದ್ದಿತು. ಕನ್ನಡಿಗರ ಗೃಹಶಿಲ್ಪದಲ್ಲಿ ಜಗಲಿಗಿಂತ ಉಪಕಾರಿಯಾದ ಅಂಗ ಮತ್ತೊಂದಿಲ್ಲ. ಅದು ಮನೆಯೂ ಅಲ್ಲ, ಬೀದಿಯೂ ಅಲ್ಲ. ಎರಡನ್ನೂ ಕೂಡಿಸುವ ಗಂಟು. ಅಲ್ಲಿ ಕುಳಿತು ಅಜ್ಜನು ಎಲೆಯಡಕೆ ಹಾಕುತ್ತ ಓಣಿಯನ್ನು ಕಾಯುತ್ತಿದ್ದನು. ದಣಿದ ದಾರಿಗನು ಕೇಳದೆಯೇ ಕುಳಿತು ನೀರು ಬೇಡುತ್ತಿದ್ದನು. ಹುಡುಗರು ಸಂಜೆಯ ಬೆಳಕಿನಲ್ಲಿ ಮಗ್ಗಿ ಹೇಳುತ್ತಿದ್ದರು. ಮುಂಜಾನೆ ಬಾಗಿಲಿಗೆ ನೀರು ಚಿಮುಕಿಸಿ ರಂಗವಲ್ಲಿ ಬರೆದ ಗೃಹಿಣಿಯು ತನ್ನ ಮನೆಯ ಮುಂದಿನ ಮೂರು ಗಜ ನೆಲವನ್ನು ಯಾರ ಅಪ್ಪಣೆಯೂ ಇಲ್ಲದೆ ತನ್ನದೆಂದು ಅಂಗೀಕರಿಸುತ್ತಿದ್ದಳು. ಅಂಥ ಮೂರು ಮೂರು ಗಜಗಳು ಸೇರಿ ಓಣಿ ಶುಚಿಯಾಗುತ್ತಿದ್ದಿತು.

ಎರಡನೆಯದರ ಕಥೆ ಬೇರೆ. ೧೮೯೮ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಪೇಟೆಯ ಇಕ್ಕಟ್ಟಿನಲ್ಲಿ ಮಾರಿಯು ಬೆಂಕಿಯಂತೆ ಹಬ್ಬಿ, ಜನರು ಮನೆ ತೊರೆದು ಬಯಲಿಗೆ ಓಡಿದರು. ಆ ಭಯದ ಬಳಿಕ ಬೆಳೆದ ಬಡಾವಣೆಗಳೇ ಬಸವನಗುಡಿ, ಮಲ್ಲೇಶ್ವರಗಳು. ನೇರವಾದ ಅಗಲ ರಸ್ತೆ, ಮನೆಮನೆಗೂ ಅಂಗಳ, ಗಾಳಿ ಬೆಳಕು, ಗಿಡಮರ ಎಲ್ಲವೂ ಶ್ಲಾಘ್ಯವೇ. ಆದರೆ ಎರಡು ಸಾಲು ಮನೆಗಳ ಹಿತ್ತಿಲುಗಳ ನಡುವೆ ಅಲ್ಲಲ್ಲಿ ಒಂದೊಂದು ಕಿರಿದಾದ ಓಣಿಯನ್ನು ಬಿಟ್ಟರು. ಅದಕ್ಕೆ ಕನ್ಸರ್ವೆನ್ಸಿ ಓಣಿಯೆಂದು ಹೆಸರು. ಮೈಸೂರಿನಲ್ಲಿಯೂ ಈ ಮಾತು ಮನೆಮಾತು. ಆ ಓಣಿ ಯಾರಿಗಾಗಿ? ಹಿತ್ತಿಲ ಕಕ್ಕಸಿನಿಂದ ಮಲವನ್ನು ತೆಗೆದು ತಲೆಯ ಮೇಲೆ ಹೊತ್ತೊಯ್ಯುವ ಮನುಷ್ಯನಿಗಾಗಿ. ಅವನು ಮುಂದಿನ ಬೀದಿಯಲ್ಲಿ ಕಾಣಿಸಿಕೊಳ್ಳಕೂಡದು, ಮನೆಯವರ ಕಣ್ಣಿಗೆ ಬೀಳಕೂಡದು, ಆದರೆ ಕೆಲಸ ಮಾತ್ರ ದಿನವೂ ಆಗಬೇಕು. ಈ ಮೂರು ಬಯಕೆಗಳನ್ನೂ ಒಟ್ಟಿಗೆ ಈಡೇರಿಸಲು ನಕ್ಷೆಯಲ್ಲಿ ಎಳೆದ ಗೆರೆಯೇ ಆ ಓಣಿ. ಅಸ್ಪೃಶ್ಯತೆಯನ್ನು ಗ್ರಂಥಗಳಲ್ಲಿ ಹುಡುಕುವವರು ಒಮ್ಮೆ ಹಳೆಯ ಬಡಾವಣೆಯ ನಕ್ಷೆಯನ್ನೂ ಬಿಡಿಸಿ ನೋಡಬೇಕು. ಅಲ್ಲಿ ಅದು ಅಡಿ ಅಂಗುಲಗಳ ಲೆಕ್ಕದಲ್ಲಿ ಅಚ್ಚಾಗಿರುವುದು.

ಕಾಲವು ಮುಂದೆ ಸರಿಯಿತು. ನೆಲದಡಿಯ ಚರಂಡಿ ಬಂದಿತು. ೧೯೭೦ರ ದಶಕದಲ್ಲಿ ನಮ್ಮ ರಾಜ್ಯದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಇಡೀ ದೇಶಕ್ಕೆ ೧೯೯೩ರಲ್ಲಿ ಒಂದು ಕಾನೂನೂ ೨೦೧೩ರಲ್ಲಿ ಇನ್ನೂ ಕಠಿಣವಾದ ಮತ್ತೊಂದೂ ಬಂದುವು. ಹೀಗಿದ್ದೂ ಮ್ಯಾನ್‌ಹೋಲಿಗೆ ಇಳಿದು ಪ್ರಾಣ ಬಿಡುವವರ ಸುದ್ದಿ ಪತ್ರಿಕೆಗಳಲ್ಲಿ ನಿಂತಿಲ್ಲವೆಂಬುದು ನಮಗೆಲ್ಲ ನಾಚಿಕೆಯ ಮಾತು. ಅದಿರಲಿ, ಹಿತ್ತಿಲ ಓಣಿಗೆ ಇದ್ದ ಒಂದೇ ಉದ್ಯೋಗ ಹೋಯಿತು. ಬಾಗಿಲುಗಳಿಲ್ಲದ, ಬರಿಯ ಗೋಡೆಯ ಬೆನ್ನುಗಳಿಂದ ಆದ ಆ ದಾರಿಯ ಗತಿಯೇನಾಯಿತು? ಒಬ್ಬರು ಒಡೆದ ಹೆಂಚನ್ನು ಎಸೆದರು, ಇನ್ನೊಬ್ಬರು ಹಳೆಯ ಚಾಪೆಯನ್ನು. ಒಬ್ಬರು ಗೋಡೆಯನ್ನು ಒಂದು ಮೊಳ ಮುಂದೂಡಿದರು, ಮತ್ತೊಬ್ಬರು ಕೊಟ್ಟಿಗೆ ಕಟ್ಟಿದರು. ಎಷ್ಟೋ ಓಣಿಗಳು ಕಸದ ಗುಂಡಿಗಳಾದುವು. ಹೆಣ್ಣುಮಕ್ಕಳು ಹಗಲಿನಲ್ಲಿಯೂ ಕಾಲಿಡಲು ಅಂಜುವ ತಾಣಗಳಾದುವು. ಪೇಟೆಯ ಓಣಿಗಿಂತ ಇವು ಹೆಚ್ಚು ನೇರ, ಅನೇಕ ಕಡೆ ಹೆಚ್ಚು ಅಗಲವೂ ಹೌದು. ಇಲ್ಲದುದು ಒಂದೇ: ಮುಖ. ಒಬ್ಬ ಮನುಷ್ಯನನ್ನು ಮರೆಮಾಡಲೆಂದು ಹುಟ್ಟಿದ ದಾರಿ ಎಲ್ಲರಿಗೂ ಮರೆತ ದಾರಿಯಾದುದು ಆಶ್ಚರ್ಯವಲ್ಲ.

ಹೀಗೆಂದುದರಿಂದ ಹಳೆಯ ಪೇಟೆಯ ಓಣಿಗಳೆಲ್ಲ ನಂದನವನಗಳೆಂದು ನಾನು ಹೇಳುತ್ತಿಲ್ಲ. ಕಸುಬಿಗೊಂದು ಪೇಟೆಯೆಂದರೆ ಜಾತಿಗೊಂದು ಓಣಿಯೆಂದೂ ಆಗುತ್ತಿದ್ದಿತು. ತನ್ನವರ ಮಗುವನ್ನು ಹತ್ತು ಕಣ್ಣುಗಳಿಂದ ಕಾಯುವ ಓಣಿಯೇ ಅನ್ಯನು ಬಂದರೆ ಆ ಹತ್ತು ಕಣ್ಣುಗಳಿಂದಲೂ ದುರುಗುಟ್ಟಿ ನೋಡುವುದುಂಟು. ಬಾಡಿಗೆಗೆ ಮನೆ ಕೇಳಿ ಬಂದವನ ಜಾತಿ ವಿಚಾರಿಸುವ ಜಗಲಿಯು ಜಗಲಿಯಲ್ಲ, ಸುಂಕದ ಕಟ್ಟೆ. ಓಣಿಗೆ ಮುಖವಿರಬೇಕೆಂದರೆ ಪ್ರಸನ್ನಮುಖವಿರಬೇಕೆಂದು ಅರ್ಥ. ಅಲ್ಲದೆ ಪ್ಲೇಗು ಪೇಟೆಯಲ್ಲಿ ಹಬ್ಬಿದುದೂ ಸುಳ್ಳಲ್ಲ. ತೇವ, ಕತ್ತಲೆ, ಇಲಿಗಳಿದ್ದೆಡೆ ಯಾವ ಜಗಲಿಯೂ ಕಾಪಾಡಲಾರದು. ಆದುದರಿಂದ ಬೆಳಕು, ನೀರು, ಬೆಂಕಿ ಎಂಬ ಮೂರು ವಿಷಯಗಳಲ್ಲಿ ಓಣಿಯ ಧರ್ಮವೇನೆಂಬುದನ್ನು ವಿಚಾರಿಸೋಣ.

ಬೆಳಕಿನ ವಿಷಯದಲ್ಲಿ ಓಣಿಯ ಅಗಲವನ್ನು ಮಾತ್ರ ಅಳೆಯುವುದು ಅರ್ಧ ಲೆಕ್ಕ. ಪಕ್ಕದ ಗೋಡೆಯ ಎತ್ತರವನ್ನೂ ಅಳೆಯಬೇಕು. ಉತ್ತರದಕ್ಷಿಣವಾಗಿರುವ ೧೦ ಅಡಿಯ ಓಣಿಯೊಂದನ್ನು ತೆಗೆದುಕೊಳ್ಳಿ. ಎರಡು ಮಗ್ಗುಲಲ್ಲಿಯೂ ೧೦ ಅಡಿ ಎತ್ತರದ ಮನೆಗಳಿದ್ದರೆ, ಹಗಲಿರುಳು ಸಮವಾದ ದಿನಗಳಲ್ಲಿ ಸುಮಾರು ೬ ಗಂಟೆಗಳ ಕಾಲ ಬಿಸಿಲು ಆ ನೆಲವನ್ನು ಮುಟ್ಟುವುದು. ಅದೇ ಓಣಿಯ ಮನೆಗಳು ಮಹಡಿಯ ಮೇಲೆ ಮಹಡಿಯಾಗಿ ೪೦ ಅಡಿ ಎದ್ದರೆ, ಬಿಸಿಲು ನೆಲ ಮುಟ್ಟುವುದು ೨ ಗಂಟೆಗೂ ಕಡಮೆ. ಓಣಿಯನ್ನು ಯಾರೂ ಒತ್ತಲಿಲ್ಲ, ಒಂದಂಗುಲವೂ ಕಿರಿದಾಗಲಿಲ್ಲ. ಆದರೂ ಅದು ಬಾವಿಯಾಯಿತು. ನಮ್ಮ ಸೆಕೆಯ ನಾಡಿನಲ್ಲಿ ನೆರಳು ವರವೇ. ಆದರೆ ಒದ್ದೆಬಟ್ಟೆ ಒಣಗದ, ಗೋಡೆಗೆ ಪಾಚಿ ಹಿಡಿಯುವ ನೆರಳು ರೋಗದ ತವರು. ಈ ತತ್ತ್ವವನ್ನು ಪಾಶ್ಚಾತ್ಯರು ಬೆಂಕಿಯಿಂದ ಪಾಠ ಕಲಿತು ಕಾನೂನಿನಲ್ಲಿ ಸೇರಿಸಿದರು. ೧೬೬೬ರಲ್ಲಿ ಲಂಡನ್ ನಗರವು ಸುಟ್ಟುಹೋದ ಮೇಲೆ ೧೬೬೭ರಲ್ಲಿ ಮಾಡಿದ ಶಾಸನದಲ್ಲಿ ಸಣ್ಣ ಓಣಿಯ ಮನೆಗೆ ಎರಡು ಅಂತಸ್ತು, ಹೆಸರುಳ್ಳ ಬೀದಿಯ ಮನೆಗೆ ಮೂರು, ಮಹಾಮಾರ್ಗದ ಮನೆಗೆ ನಾಲ್ಕು ಎಂದು ವಿಧಿಸಿದರು. ಗೋಡೆಗಳು ಇಟ್ಟಿಗೆ ಇಲ್ಲವೆ ಕಲ್ಲಿನವೇ ಆಗಿರಬೇಕೆಂದರು. ದಾರಿಯ ಯೋಗ್ಯತೆಗೆ ತಕ್ಕ ಎತ್ತರ ಎಂಬ ಆ ಸೂತ್ರವನ್ನು ನಮ್ಮಲ್ಲಿ ಮನೆಯ ಮೇಲೆ ಮನೆ ಏರಿಸುವ ಪ್ರತಿಯೊಬ್ಬರೂ ನೆನೆಯತಕ್ಕದ್ದು. ನಾಲ್ಕನೆಯ ಮಹಡಿಯ ಬಾಡಿಗೆ ಒಬ್ಬರಿಗೆ ಬರುವುದು; ಅದರ ಕತ್ತಲೆಯನ್ನು ಓಣಿಯವರೆಲ್ಲರೂ ಹಂಚಿಕೊಳ್ಳುವರು.

ನೀರಿನ ವಿಷಯ. ಅಗಲವಾದ ರಸ್ತೆಗೆ ನಡು ಉಬ್ಬಿ, ಎರಡು ಅಂಚಿನಲ್ಲಿ ಚರಂಡಿಯಿರುವುದು ಸರಿ. ಕಿರಿದಾದ ಓಣಿಯಲ್ಲಿ ಹಾಗೆ ಮಾಡಿದರೆ ಮಳೆಯ ನೀರೆಲ್ಲ ಮನೆಯ ಗೋಡೆಯ ಬುಡಕ್ಕೇ ಹರಿಯುವುದು. ಅಲ್ಲಿ ನಡು ತಗ್ಗಾಗಿ, ಕಲ್ಲುಚಪ್ಪಡಿ ಹೊದಿಸಿದ ಕಾಲುವೆಯು ಮಧ್ಯದಲ್ಲಿ ಹರಿಯುವುದು ಮೇಲು; ಚಪ್ಪಡಿಯನ್ನು ಎತ್ತಿ ಶುಚಿಮಾಡಲು ಬರುವಂತಿರಬೇಕು. ಇನ್ನೊಂದು ದೋಷ ಈಗ ಊರೂರಲ್ಲಿಯೂ ಕಾಣುವುದು. ಓಣಿಗೆ ಡಾಂಬರು ಅಥವಾ ಕಾಂಕ್ರೀಟು ಹಾಕುವಾಗ ಹಳೆಯದನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸದನ್ನು ಸುರಿಯುವರು. ಪ್ರತಿ ಸಲವೂ ಓಣಿಯು ಮೂರು ನಾಲ್ಕು ಅಂಗುಲ ಏರಿ, ಕೆಲವು ವರ್ಷಗಳಲ್ಲಿ ಹೊಸ್ತಿಲಿಗಿಂತ ಮೇಲಾಗುವುದು. ಆಗ ಮೊದಲ ದೊಡ್ಡ ಮಳೆಗೆ ಓಣಿಯೇ ಮನೆಯೊಳಕ್ಕೆ ಅತಿಥಿಯಾಗಿ ಬರುವುದು. ಬಡವರ ಹಳೆಯ ತಗ್ಗು ಮನೆಗಳಿಗೇ ಈ ಅತಿಥಿಸತ್ಕಾರ ಮೊದಲು. ಕೆಲಸ ನಡೆಯುವ ದಿನ ಓಣಿಯ ನಾಲ್ಕು ಮಂದಿ ನಿಂತು, ‘ಕೆರೆದು ಹಾಕಿ, ಹೊಸ್ತಿಲ ಮಟ್ಟ ಕಾಯಿರಿ’ ಎಂದು ಕೇಳುವುದು ಅವರ ಹಕ್ಕು.

ಬೆಂಕಿಗೆ ಕೌಟಿಲ್ಯನು ಹೇಳಿದ ಉಪಾಯ ಇಂದಿಗೂ ಆಲೋಚನೆಗೆ ಅರ್ಹ. ಪ್ರತಿ ಗೃಹಸ್ಥನೂ ನೀರಿನ ಕೊಡಗಳು, ಏಣಿ, ಕೊಡಲಿ, ಮೊರ, ಕೊಕ್ಕೆ ಮೊದಲಾದುವನ್ನು ಸಿದ್ಧವಾಗಿಟ್ಟಿರಬೇಕೆಂದೂ, ಬೀದಿಗಳಲ್ಲಿ ಚೌಕಗಳಲ್ಲಿ ಸಾವಿರಗಟ್ಟಲೆ ನೀರಿನ ಹರವಿಗಳನ್ನು ಸಾಲಾಗಿಡಬೇಕೆಂದೂ ಅವನ ವಿಧಿ. ದೊಡ್ಡ ವಾಹನ ನುಗ್ಗಲಾರದ ಓಣಿಗೆ ನೀರು ಮೊದಲೇ ಬಂದು ಕುಳಿತಿರಬೇಕೆಂಬುದು ಇದರ ಸಾರ. ಜಪಾನಿನ ಟೋಕಿಯೋ ನಗರದ ಸುಮಿದ ಎಂಬ ಭಾಗದಲ್ಲಿ ಮರದ ಮನೆಗಳು ಒತ್ತಾಗಿರುವ ಓಣಿಗಳುಂಟು. ಅಲ್ಲಿಯವರು ಮಾಳಿಗೆಯ ಮಳೆನೀರನ್ನು ನೆಲದಡಿಯ ತೊಟ್ಟಿಗೆ ಇಳಿಸಿ, ಓಣಿಯಲ್ಲಿ ಒಂದು ಕೈಪಂಪನ್ನು ನೆಟ್ಟಿರುವರು. ಅದಕ್ಕೆ ‘ರೊಜಿಸೊನ್’ ಎಂದು ಹೆಸರು. ದಿನವೂ ಹೂಕುಂಡಗಳಿಗೆ ಆ ನೀರು, ಆಪತ್ತಿನಲ್ಲಿ ಬೆಂಕಿಗೆ. ಮಳೆ ಬೀಳುವ ನಮ್ಮ ಊರುಗಳಲ್ಲಿ ಇದು ಅಸಾಧ್ಯವೇನಲ್ಲ. ಇದರೊಡನೆ ಒಂದು ನಿಯಮ ಸೇರಬೇಕು: ಓಣಿಯ ನಡುವೆ ಒಂದು ರೋಗಿಯ ಡೋಲಿ ತಡೆಯಿಲ್ಲದೆ ಸಾಗುವಷ್ಟು ಜಾಗವನ್ನು ಹಗಲಿರುಳು ತೆರವಾಗಿಡುವುದು. ಈಗ ಓಣಿಯನ್ನು ಮುಚ್ಚಿರುವುದು ಬಹುಮಟ್ಟಿಗೆ ಸಾಲಾಗಿ ನಿಲ್ಲಿಸಿದ ಮೋಟಾರು ಸೈಕಲ್ಲುಗಳೇ ಹೊರತು ಗೋಡೆಗಳಲ್ಲ. ವಾಹನಗಳು ಓಣಿಯ ಬಾಯಲ್ಲಿ ನಿಲ್ಲಲಿ. ಮನುಷ್ಯನು ಐವತ್ತು ಹೆಜ್ಜೆ ನಡೆದರೆ ಸವೆಯುವುದಿಲ್ಲ.

ಇದೆಲ್ಲ ಹೊಸದಾಗಿ ಕಟ್ಟುವ ಓಣಿಗೆ ಸರಿ, ಕಟ್ಟಿ ಕೆಟ್ಟಿರುವ ಓಣಿಗೆ ಏನು ಮಾಡಬೇಕೆಂದು ಕೇಳಬಹುದು. ಇಲ್ಲಿ ಒಬ್ಬ ಮಹನೀಯನನ್ನು ಸ್ಮರಿಸಲೇಬೇಕು. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೆಸ್ ಎಂಬಾತನು (೧೮೫೪–೧೯೩೨) ಜೀವಶಾಸ್ತ್ರದ ಪಂಡಿತ. ಎಡಿನ್‌ಬರೋ ನಗರದ ಹಳೆಯ ಭಾಗದಲ್ಲಿ ಓಣಿಗಳು ಕೊಳೆತು ನಾರುತ್ತಿದ್ದಾಗ, ೧೮೮೦ರ ದಶಕದಲ್ಲಿ ತನ್ನ ಪತ್ನಿಯೊಡನೆ ಅಲ್ಲಿಗೇ ಹೋಗಿ ಮನೆ ಮಾಡಿದನು. ನೆರೆಯವರನ್ನು ಕೂಡಿಸಿಕೊಂಡು ಗೋಡೆ ತೊಳೆದು, ಸುಣ್ಣ ಬಳಿದು, ಗಿಡ ನೆಟ್ಟು ಒಂದೊಂದೇ ಅಂಗಳವನ್ನು ಎತ್ತಿಹಿಡಿದನು. ೧೯೧೪ರಲ್ಲಿ ಭಾರತಕ್ಕೆ ಬಂದು ತಂಜಾವೂರು, ಲಖನೌ, ಇಂದೂರು ಮೊದಲಾದ ಅನೇಕ ಊರುಗಳನ್ನು ಓಣಿಓಣಿಯಾಗಿ ನಡೆದು ನೋಡಿದನು. ಆಗಿನ ಅಧಿಕಾರಿಗಳಿಗೆ ಒಂದೇ ಮದ್ದು ಗೊತ್ತಿದ್ದಿತು: ದಟ್ಟವಾದ ಕೇರಿಯ ನಡುವೆ ಅಗಲವಾದ ರಸ್ತೆಯನ್ನು ಸೀಳುವುದು. ಅದರಿಂದ ಮನೆ ಕಳೆದುಕೊಂಡ ಬಡವರು ಪಕ್ಕದ ಕೇರಿಗೆ ನುಗ್ಗಿ, ಅಲ್ಲಿ ಇಕ್ಕಟ್ಟು ಇಮ್ಮಡಿಯಾಗುವುದೆಂದು ಗೆಡ್ಡೆಸನು ಎಚ್ಚರಿಸಿದನು. ಅವನ ಮಾರ್ಗಕ್ಕೆ ‘ಸಂರಕ್ಷಕ ಶಸ್ತ್ರಚಿಕಿತ್ಸೆ’ ಎಂದು ಹೆಸರಿಡಬಹುದು: ಪಾಳುಬಿದ್ದ ಒಂದೆರಡು ಮನೆಗಳನ್ನು ಮಾತ್ರ ತೆಗೆದು ಅಲ್ಲೊಂದು ಚಿಕ್ಕ ಬಯಲು ಮಾಡುವುದು, ಅದರಲ್ಲಿ ಒಂದು ಮರ ನೆಡುವುದು, ಬಾವಿಯನ್ನು ಮುಚ್ಚದೆ ಶುಚಿಗೊಳಿಸುವುದು, ಓಣಿಯ ಮೊಣಕೈ ತಿರುವನ್ನು ಸ್ವಲ್ಪ ತಿದ್ದುವುದು, ಉಳಿದುದನ್ನು ಮುಟ್ಟದಿರುವುದು.

ಇಂದೂರಿನಲ್ಲಿ ಆತನು ಮಾಡಿದ ಇನ್ನೊಂದು ಕೆಲಸ ಇದಕ್ಕಿಂತ ದೊಡ್ಡದು. ಆ ಊರಿನಲ್ಲಿ ಪ್ಲೇಗಿನ ಭೀತಿಯಿದ್ದಿತು. ದೀಪಾವಳಿಯ ಮಹಾಮೆರವಣಿಗೆಯು ರೂಢಿಯ ದಾರಿಯಲ್ಲಿ ಹೋಗದೆ, ಯಾವ ಕೇರಿಯವರು ತಮ್ಮ ಮನೆ ಓಣಿಗಳನ್ನು ಹೆಚ್ಚು ಶುಚಿಮಾಡಿರುವರೊ ಆ ದಾರಿಯಾಗಿಯೇ ಹೋಗುವುದೆಂದು ಸಾರಿಸಿದನು. ಊರಿಗೆ ಊರೇ ಪೊರಕೆ ಹಿಡಿಯಿತು. ಮೆರವಣಿಗೆಯ ದಿನ ನಗರದ ಶುಚಿಕಾರರು ಬೆಳ್ಳನೆಯ ಬಟ್ಟೆ ಉಟ್ಟು, ಹೂವಿನಿಂದ ಸಿಂಗರಿಸಿದ ತಮ್ಮ ಬಂಡಿಗಳೊಡನೆ ಎಲ್ಲರ ಕಣ್ಣೆದುರಿಗೆ ರಾಜಬೀದಿಯಲ್ಲಿ ನಡೆದರು. ಹಿತ್ತಿಲ ಓಣಿಯಲ್ಲಿ ಬಚ್ಚಿಟ್ಟಿದ್ದ ಮನುಷ್ಯನನ್ನು ಮುಂಬಾಗಿಲಿಗೆ ಕರೆತಂದ ಆ ಒಂದು ದಿನದ ಉತ್ಸವದಲ್ಲಿ ನಗರಶಾಸ್ತ್ರದ ತಿರುಳೆಲ್ಲ ಇದೆಯೆಂದು ನಾನು ಭಾವಿಸುವೆನು.

ವ್ಯಾಕರಣ ಕಲಿಸಿದವರಿಗೆ ಎಲ್ಲೆಲ್ಲಿಯೂ ವ್ಯಾಕರಣವೇ ಕಾಣುವುದೆಂದು ವಾಚಕರು ನಗಬಹುದು, ಆದರೂ ಹೇಳುವೆನು. ನಮ್ಮ ಸಂಧಿಪ್ರಕರಣದ ನಿಯಮಗಳು ಊರಿನ ಸಂದಿಗಳಿಗೂ ಸಲ್ಲುವುವು. ಮೊದಲನೆಯದು ಲೋಪ: ಅಡ್ಡವಾದುದನ್ನು ಬಿಡಿಸುವುದು, ಬಿದ್ದ ಗೋಡೆ, ಒತ್ತಿದ ಮೆಟ್ಟಿಲು, ನಿರುಪಯೋಗಿ ಕಂಬ. ಎರಡನೆಯದು ಆಗಮ: ಇಲ್ಲದುದನ್ನು ತರುವುದು, ಒಂದು ದೀಪ, ಒಂದು ಮರ, ಒಂದು ಕುಳಿತುಕೊಳ್ಳುವ ಕಲ್ಲು, ಬೆನ್ನುಗೋಡೆಯಲ್ಲೊಂದು ಕಿಟಕಿ ಅಥವಾ ಬಾಗಿಲು. ಮೂರನೆಯದು ಆದೇಶ: ಒಂದರ ಸ್ಥಾನದಲ್ಲಿ ಮತ್ತೊಂದನ್ನು ಇಡುವುದು, ತೆರೆದ ಚರಂಡಿಯ ಸ್ಥಾನದಲ್ಲಿ ಮುಚ್ಚಿದುದು, ವಾಹನದ ಸ್ಥಾನದಲ್ಲಿ ಮಕ್ಕಳ ಆಟ. ಕಡೆಯದು ಪ್ರಕೃತಿಭಾವ: ಇದ್ದುದನ್ನು ಇದ್ದಂತೆಯೇ ಬಿಡುವುದು. ತಿದ್ದುವವರಿಗೆ ಇದೇ ಎಲ್ಲಕ್ಕಿಂತ ಕಷ್ಟವಾದ ನಿಯಮ. ಲೋಪವನ್ನು ಒಮ್ಮೆಗೇ ಮಾಡಬೇಕೆಂದೂ ಇಲ್ಲ. ಜಪಾನಿನ ೧೯೫೦ರ ಕಟ್ಟಡ ಶಾಸನದಂತೆ, ೪ ಮೀಟರಿಗಿಂತ ಕಿರಿದಾದ ಹಳೆಯ ಓಣಿಯಲ್ಲಿ ಮನೆಯನ್ನು ಹೊಸದಾಗಿ ಕಟ್ಟುವವನು ಓಣಿಯ ನಡುಗೆರೆಯಿಂದ ೨ ಮೀಟರು ಹಿಂದೆ ಸರಿದು ಕಟ್ಟಬೇಕು. ಯಾರ ಮನೆಯನ್ನೂ ಕೆಡಹುವುದಿಲ್ಲ. ಮುಪ್ಪಾದ ಮನೆಗಳು ಒಂದೊಂದಾಗಿ ಹೊಸದಾದಂತೆ ಓಣಿಯೂ ಮೆಲ್ಲಮೆಲ್ಲನೆ ಉಸಿರೆಳೆದುಕೊಳ್ಳುವುದು. ತಾಳ್ಮೆಯುಳ್ಳ ಶಾಸನವೆಂದರೆ ಇದು.

ಆದರೆ ಯಾವ ಶಾಸನವೂ ನೆರೆಯವರ ಒಪ್ಪಂದಕ್ಕೆ ಬದಲಾಗಲಾರದು. ಬೀದಿಯಲ್ಲಿ ಕಸ ಸುರಿದವನಿಗೆ ಪಣದ ಎಂಟನೆಯ ಒಂದು ಪಾಲು, ಕೆಸರುನೀರು ಕಟ್ಟಿಸಿದವನಿಗೆ ಕಾಲು ಪಣ, ರಾಜಮಾರ್ಗದಲ್ಲಾದರೆ ಇಮ್ಮಡಿ ಎಂದು ದಂಡವನ್ನು ಅಷ್ಟು ಸೂಕ್ಷ್ಮವಾಗಿ ವಿಧಿಸಿದ ಕೌಟಿಲ್ಯನೇ, ಮನೆಗಳ ನಡುವಣ ಅಂತರ, ನೀರು ಹರಿಯುವ ಕಾಲುವೆ, ಕಿಟಕಿಗಳ ವಿಷಯವನ್ನೆಲ್ಲ ಹೇಳಿ, ಗೃಹಸ್ವಾಮಿಗಳು ಒಟ್ಟುಗೂಡಿ ತಮಗೆ ಇಷ್ಟವಾದುದನ್ನು ಮಾಡಿಸಿಕೊಳ್ಳಬಹುದು, ಅನಿಷ್ಟವನ್ನು ತಡೆಯಬಹುದು ಎಂದು ಅವರಿಗೇ ಬಿಟ್ಟಿರುವನು. ಅಷ್ಟು ದಂಡನೀತಿಯ ನಡುವೆ ಈ ವಿಶ್ವಾಸ ಎಷ್ಟು ಸೊಗಸಾಗಿದೆ! ಈಚಿನ ವರ್ಷಗಳಲ್ಲಿ ಮಲ್ಲೇಶ್ವರದ ಕೆಲವು ಹಿತ್ತಿಲ ಓಣಿಗಳನ್ನು ಅಲ್ಲಿಯ ನಿವಾಸಿಗಳೇ ಮುಂದೆ ನಿಂತು ಶುಚಿಗೊಳಿಸಿ, ಗೋಡೆಗಳಿಗೆ ಚಿತ್ರ ಬರೆಯಿಸಿ, ಜನರು ನಡೆದಾಡುವಂತೆ ಮಾಡಿರುವರು. ಮೊದಲ ಹೆಜ್ಜೆಯಾಗಿ ಇದು ಬಹಳ ಮೆಚ್ಚತಕ್ಕ ಕೆಲಸ. ಚಿತ್ರ ಮಾಸುವುದರೊಳಗಾಗಿ ಆ ಗೋಡೆಗಳಲ್ಲಿ ಬಾಗಿಲುಗಳೂ ತೆರೆದರೆ ಕೆಲಸ ಸ್ಥಿರವಾಗುವುದು. ಏಕೆಂದರೆ ಬಣ್ಣವು ಗೋಡೆಗೆ ಅಲಂಕಾರ, ಬಾಗಿಲು ಅದಕ್ಕೆ ಕಣ್ಣು.

ಗೃಹಸ್ಥರೂ ಗೃಹಿಣಿಯರೂ ಇದನ್ನು ಓದಿ ಮುಗಿಸಿದ ಮೇಲೆ ಮಾಡಬಹುದಾದುದು ಬಹಳವಿಲ್ಲ. ಒಂದು ಭಾನುವಾರ ಸಂಜೆ ನಿಮ್ಮ ಓಣಿಯನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ನಡೆದು ನೋಡಿರಿ. ಎಷ್ಟು ಬಾಗಿಲುಗಳಿವೆ, ಎಷ್ಟು ಬೆನ್ನುಗಳಿವೆ? ಎಲ್ಲಿ ಕತ್ತಲೆ, ಎಲ್ಲಿ ನೀರು ನಿಲ್ಲುವುದು, ಮಂಚವೊಂದನ್ನು ಹೊತ್ತು ನಾಲ್ವರು ಎಲ್ಲಿ ತಿರುಗಲಾರರು? ಇದಿಷ್ಟನ್ನು ಒಂದು ಕಾಗದದಲ್ಲಿ ಬರೆದು ನೆರೆಮ‌ನೆಯವರಿಗೆ ತೋರಿಸಿರಿ. ಮನೆ ಕಟ್ಟಿಸುವವರಿದ್ದರೆ, ಸುತ್ತುಗೋಡೆಯನ್ನು ಆಳೆತ್ತರ ಎತ್ತುವುದಕ್ಕೆ ಬದಲಾಗಿ ಮೊಳದಗಲದ ಒಂದು ಜಗಲಿಯನ್ನು ತಮ್ಮ ನೆಲದಲ್ಲಿಯೇ ಬಿಡಿರೆಂದು ಹೇಳಿರಿ. ಬೆಳಗಿನ ಜಾವ ಓಣಿಯನ್ನು ಗುಡಿಸಲು ಬರುವ ಪೌರಕಾರ್ಮಿಕಳ ಹೆಸರು ನಿಮಗೆ ತಿಳಿದಿಲ್ಲವಾದರೆ ನಾಳೆಯೇ ಕೇಳಿ ತಿಳಿದುಕೊಳ್ಳಿರಿ. ಅವಳು ಕುಳಿತು ಒಂದು ಲೋಟ ನೀರು ಕುಡಿಯಲು ಆ ಜಗಲಿಯಲ್ಲಿ ಎಡೆಯಿರಲಿ. ಓಣಿಯ ನಕ್ಷೆಯನ್ನು ಬರೆಯುವವರು ಕಚೇರಿಯಲ್ಲಿರಬಹುದು. ಅದಕ್ಕೆ ಮುಖವನ್ನು ಕೊಡುವವರು ಮನೆಯಲ್ಲಿರುವವರೇ.